ಮಣಿ ವ್ಯಾಪಾರಿಯ ಭೂಗೋಳ

"ತಾಯಿ, ಲೋಕವನ್ನು ಇಷ್ಟು ಚೆನ್ನಾಗಿ ಕಲಿಸಿದ ಮೇಲೂ ಮಕ್ಕಳಿಗೆ ಅದರ ಮೇಲೆ ಆಸೆ ಹುಟ್ಟದಿದ್ದರೆ ತಪ್ಪು ಎಲ್ಲಿದೆ?"

ಗುರುತಾಯಿಯನ್ನು ಹೀಗೆ ಕೇಳಿದವಳು ಸಾವಂತ್ರಿ. ಅವಳಿಗೆ ಇಬ್ಬರು ಮಕ್ಕಳು. ದೊಡ್ಡವಳಿಗೆ ಹನ್ನೆರಡು, ಚಿಕ್ಕವನಿಗೆ ಹತ್ತು. ಇಬ್ಬರಿಗೂ ಅವಳು ಮನೆಯಲ್ಲೇ ಪಾಠ ಹೇಳುತ್ತಿದ್ದಳು. ಎಲ್ಲ ಪಾಠಗಳಿಗಿಂತ ಭೂಗೋಳ ಅವಳಿಗೆ ಪ್ರೀತಿ. ದಿನವೂ ಬೆಳಿಗ್ಗೆ ಪೇಪರ್ ಓದಿಸಿ, ಎಲ್ಲಿ ಯುದ್ಧ, ಎಲ್ಲಿ ಭೂಕಂಪ, ಎಲ್ಲಿ ಹಡಗು ಮುಳುಗಿತು ಎಂದು ದೊಡ್ಡ ನಕ್ಷೆಯ ಮೇಲೆ ಮಕ್ಕಳ ಕೈಯಲ್ಲೇ ಗುರುತು ಹಾಕಿಸುತ್ತಿದ್ದಳು. ಮಕ್ಕಳು ಚುರುಕು. ಯಾವ ದೇಶದ ಹೆಸರು ಹೇಳಿದರೂ ತಡವರಿಸದೆ ಬೆರಳಿಡುತ್ತಿದ್ದರು.

"ದೊಡ್ಡವರಾದ ಮೇಲೆ ಇದರಲ್ಲಿ ಯಾವ ದೇಶ ನೋಡಬೇಕು ಅಂತ ನಿನ್ನೆ ಕೇಳಿದೆ," ಎಂದಳು ಸಾವಂತ್ರಿ. "ದೊಡ್ಡವಳು ನಕ್ಷೆ ಮಡಿಸಿಟ್ಟಳು. ಚಿಕ್ಕವನು, ಅವ್ವಾ, ನಾವು ಇಲ್ಲೇ ಇದ್ದುಬಿಡೋಣ ಅಂದ."

ಗುರುತಾಯಿ ಒಂದೇ ಊರಿನಲ್ಲಿ ಎರಡು ಮಳೆಗಾಲ ಕಳೆದವರಲ್ಲ. ಅಂದು ಕೂಡ ಎಲ್ಲಿಗೋ ಹೊರಡಲು ಗಂಟು ಕಟ್ಟುತ್ತಿದ್ದರು. ಗಂಟನ್ನು ಬದಿಗಿಟ್ಟು ಕೂತರು.

"ಒಂದು ಕತೆ ಇದೆ. ಕೇಳು," ಎಂದರು.

ಒಬ್ಬ ವ್ಯಾಪಾರಿ ಹೆಂಗಸು ದಾರಿ ತಪ್ಪಿ ನಿಂತಿದ್ದಳು. ಪರದೇಶದ ಪೇಟೆ. ಎತ್ತ ತಿರುಗಿದರೂ ಒಂದೇ ಥರದ ಓಣಿ. ಬಂದರಿನಲ್ಲಿ ಅವಳ ಹಡಗು ಬಿಡುವ ಹೊತ್ತಾಗಿತ್ತು. ಬೀದಿಬದಿಯಲ್ಲಿ ಬೀಗ ರಿಪೇರಿ ಮಾಡುತ್ತಿದ್ದವನನ್ನು ದಾರಿ ಕೇಳಿದಳು. ಅವನು ಎಡಕ್ಕೆ ಕೈ ತೋರಿಸಿದ. ಎಡಕ್ಕೆ ಹೋದರೆ ಒಂದು ಜಮಖಾನೆ ಅಂಗಡಿ. ಅಂಗಡಿಯವನು, "ನಮ್ಮ ಭಾವ ಕಳಿಸಿದನೇ? ಬನ್ನಿ, ಬನ್ನಿ" ಎಂದು ಒಳಗೆ ಕೂರಿಸಿದ, ಚಹಾ ಕೊಟ್ಟ, ಬೇಡ ಬೇಡ ಎಂದರೂ ಜಮಖಾನೆಗಳನ್ನು ಬಿಡಿಸಿ ಹಾಸಿದ. ಬಂದರಿನ ದಾರಿ ಕೇಳಿದರೆ ಮತ್ತೆ ಎಡಕ್ಕೆ ತೋರಿಸಿದ. ಅಲ್ಲಿ ಪಾತ್ರೆ ಅಂಗಡಿ. ಪಾತ್ರೆಯವನೂ "ಭಾವ ಕಳಿಸಿದನೇ?" ಎಂದೇ ಕೇಳಿದ. ಅಲ್ಲಿಂದಲೂ ಎಡಕ್ಕೆ. ಹೋಗಿ ನೋಡಿದರೆ ಎದುರಿಗೆ ಅದೇ ಬೀಗದವನು.

"ಸಿಕ್ಕಿತೇ ಅಮ್ಮ?" ಎಂದ.

"ನಿನ್ನ ಭಾವಮೈದುನರೆಲ್ಲ ಸಿಕ್ಕರಪ್ಪ. ಬಂದರೊಂದು ಸಿಗಲಿಲ್ಲ."

ಕೊನೆಗೂ ಅವಳು ಹಡಗು ಹತ್ತಿದಳು. ಹಗ್ಗ ಬಿಚ್ಚುತ್ತಿದ್ದರು.

ಅವಳದು ಮಣಿ ವ್ಯಾಪಾರ. ಹವಳ, ಮುತ್ತು, ಬಣ್ಣದ ಗಾಜು. ಮಳೆ ನಿಂತು ಗಾಳಿ ತಿರುಗಿದಾಗ ಹೊರಡುವುದು, ಮತ್ತೆ ಮಳೆ ಹಿಡಿಯುವ ಮೊದಲು ಮನೆ ಸೇರುವುದು. ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಅತ್ತೆ, ಇಬ್ಬರು ಹೆಣ್ಣುಮಕ್ಕಳು. ಮಣಿ ವ್ಯಾಪಾರಿಗಳ ಮಕ್ಕಳು ಲೋಕವನ್ನು ಮನೆಯಲ್ಲೇ, ತಂದೆತಾಯಿಯ ಬಾಯಿಂದಲೇ ಕಲಿಯಬೇಕು ಎಂಬುದು ಅವರ ಕುಲದ ರೂಢಿ.

ಮಳೆಗಾಲದಲ್ಲಿ ಅವಳು ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಲೋಕವನ್ನು ಬರೆಯುತ್ತಿದ್ದಳು. ಎಲ್ಲೆಲ್ಲಿ ಮಣಿ ಕೊಂಡಿದ್ದಳೋ ಅಲ್ಲಲ್ಲಿ ಒಂದೊಂದು ಮಣಿ ಇಡುತ್ತಿದ್ದಳು. ಯಾವ ತಿಂಗಳು ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಬೆಟ್ಟದ ಈ ಬದಿ ಯಾಕೆ ಕಾಡು, ಆ ಬದಿ ಯಾಕೆ ಮರಳು, ದೊಡ್ಡ ನದಿ ಕಡಲಿಗೆ ಬೀಳುವಲ್ಲಿ ಎಷ್ಟು ದೂರದವರೆಗೆ ನೀರು ಸಿಹಿ, ಎಲ್ಲ ಹೇಳುತ್ತಿದ್ದಳು. ಮಕ್ಕಳು ಆಕಳಿಸುತ್ತಿದ್ದರು.

ಒಂದು ದಿನ ಬೀಗದವನ ಕತೆ ಹೇಳಿದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆ ಪೇಟೆಯ ಹೆಸರು, ದಿಕ್ಕು, ಅಲ್ಲಿಯ ಓಣಿಗಳು, ಒಂದೂ ಮರೆಯಲಿಲ್ಲ.

ಅವಳಿಗೆ ಉಪಾಯ ಹೊಳೆಯಿತು. ಅಂದಿನಿಂದ ಪ್ರತಿ ಊರಿಗೂ ಅಲ್ಲಿ ತಾನು ಮೋಸ ಹೋದ ಕತೆಯನ್ನು ಜೋಡಿಸಿದಳು. ಈ ಬಂದರಿನಲ್ಲಿ ತೂಕದ ಕಲ್ಲು ಟೊಳ್ಳು. ಈ ದ್ವೀಪದಲ್ಲಿ ಗಾಜಿಗೆ ಕೆಂಪು ಬಣ್ಣ ಹಚ್ಚಿ ಹವಳ ಎನ್ನುತ್ತಾರೆ. ಈ ಗುಡ್ಡದೂರಿನಲ್ಲಿ ಹಾಲಿಗೆ ಹಿಟ್ಟು ಕದಡುತ್ತಾರೆ. ಈ ಮರಳುಸೀಮೆಯಲ್ಲಿ ಒಂಟೆ ಬಾಡಿಗೆಗೆ ಕೊಟ್ಟವನು ಹೋಗುವ ದಾರಿಗೆ ಮಾತ್ರ ಒಪ್ಪಂದ ಮಾಡಿ, ಬರುವ ದಾರಿಯ ಮಾತನ್ನು ನಡುದಾರಿಯಲ್ಲಿ ಎತ್ತುತ್ತಾನೆ. ತಪ್ಪೇನೂ ಇರಲಿಲ್ಲ. ಎಲ್ಲ ನಡೆದದ್ದೇ. ವ್ಯಾಪಾರಿಯಾದವಳು ಮಕ್ಕಳಿಗೆ ಇನ್ನೇನು ಕೊಡಬೇಕು? ತಾನು ಬಿದ್ದ ಹೊಂಡದಲ್ಲಿ ಮಕ್ಕಳು ಬೀಳಬಾರದು.

ಮಕ್ಕಳು ಪಟಪಟನೆ ಒಪ್ಪಿಸುತ್ತಿದ್ದರು. ತಾಯಿ ಒಂದು ಮಣಿ ಮುಟ್ಟಿದರೆ ಸಾಕು, "ತೂಕ!" ಎಂದು ದೊಡ್ಡವಳು, ಇನ್ನೊಂದು ಮುಟ್ಟಿದರೆ "ಒಂಟೆ!" ಎಂದು ಚಿಕ್ಕವಳು. ನೆರೆಯವರು ಮಳೆಯಲ್ಲಿ ಗೊರಬು ಹೊದ್ದುಕೊಂಡು ಕೇಳಲು ಬರುತ್ತಿದ್ದರು. ಅಜ್ಜಿಯ ಹೆಮ್ಮೆಗೆ ಮೇರೆಯಿರಲಿಲ್ಲ. "ಬೇರೆಯವರ ಮಕ್ಕಳಿಗೆ ನಮ್ಮ ಓಣಿಯ ಕಳ್ಳರು ಗೊತ್ತು. ನನ್ನ ಮೊಮ್ಮಕ್ಕಳಿಗೆ ಲೋಕದ ಕಳ್ಳರೆಲ್ಲ ಗೊತ್ತು" ಎನ್ನುತ್ತಿದ್ದಳು.

ವರ್ಷಗಳು ಕಳೆದವು. ವ್ಯಾಪಾರಿಯ ಕಣ್ಣು ಮಂಜಾಯಿತು. ಮಣಿಯನ್ನು ತೋಳು ಚಾಚಿ ದೂರ ಹಿಡಿದು ನೋಡಬೇಕಾಯಿತು. ಹವಳ ಯಾವುದು, ಗಾಜು ಯಾವುದು ಎಂದು ಬೆರಳಿಗೆ ತಿಳಿಯುತ್ತಿತ್ತು, ಕಣ್ಣಿಗೆ ತಿಳಿಯುತ್ತಿರಲಿಲ್ಲ. ಹಡಗಿನಲ್ಲಿ ಪ್ರತಿ ಮಣಿ ವ್ಯಾಪಾರಿಗೂ ಒಂದು ಜಾಗ ಮೀಸಲು. ಹನ್ನೆರಡು ತುಂಬಿದ ಮಗುವನ್ನು ಜೊತೆಗೆ ಕರೆದೊಯ್ದು ಕಸುಬು ಕಲಿಸಿದರೆ ಆ ಜಾಗ ಮನೆಯಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಬೇರೆಯವರಿಗೆ ಹೋಗುತ್ತದೆ. ಆ ವರ್ಷ ದೊಡ್ಡ ಮಗಳಿಗೆ ಹನ್ನೆರಡು ತುಂಬಿತು.

ಹಡಗು ಹೊರಡಲು ಎಂಟು ದಿನ ಇತ್ತು. ತಾಯಿ ಎರಡು ಗಂಟು ಕಟ್ಟಿದಳು. ಮಗಳು ತನ್ನ ಗಂಟನ್ನು ಬಿಚ್ಚಿ, ಬಟ್ಟೆಗಳನ್ನು ಮತ್ತೆ ಬಿದಿರಿನ ಗಳುವಿನ ಮೇಲೆ ಹಾಕಿದಳು.

"ನಾನು ಬರುವುದಿಲ್ಲ."

"ಯಾಕೆ? ಕಡಲಿಗೆ ಹೆದರಿಕೆಯೇ?"

"ಕಡಲಿನಲ್ಲಿ ಏನಿದೆ ಹೆದರಲಿಕ್ಕೆ? ಕಡಲು ದಾಟಿದ ಮೇಲೆ ಒಳ್ಳೆಯ ಊರು ಒಂದೂ ಇಲ್ಲವಲ್ಲ. ನೀನೇ ಹೇಳಿದ್ದು."

"ನಾನು ಹೋಗಿ ಬಂದಿಲ್ಲವೇನೇ?"

"ಬಂದಿದ್ದೀ. ಬಂದಾಗಲೆಲ್ಲ ಬೈದುಕೊಂಡೇ ಬಂದಿದ್ದೀ."

ತಾಯಿ ಗದರಿಸಿದಳು. ಮಗಳು ಅಳಲಿಲ್ಲ, ಅಲುಗಲೂ ಇಲ್ಲ. ತಾಯಿ ದನಿ ತಗ್ಗಿಸಿ, "ಅಷ್ಟೇನೂ ಕೆಟ್ಟ ಊರುಗಳಲ್ಲ. ಎಲ್ಲ ಒಳ್ಳೆಯವರೇ" ಎಂದಳು.

ಮಗಳು ಅವಳ ಮುಖವನ್ನೇ ನೋಡಿದಳು. "ಇಷ್ಟು ದಿನ ಹೇಳಿದ್ದು ಸುಳ್ಳೋ, ಈಗ ಹೇಳುತ್ತಿರುವುದು ಸುಳ್ಳೋ?"

ಲೋಕವನ್ನೆಲ್ಲ ಸುತ್ತಿದವಳು ತನ್ನ ಮನೆಯ ಹೊಸ್ತಿಲ ಮೇಲೆ ಸಿಕ್ಕಿಬಿದ್ದಳು. ಒಬ್ಬಳೇ ಹೋದರೆ ಈ ಸಲವೇ ಕೊನೆಯ ಪ್ರಯಾಣ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಮಗಳು ಇನ್ನು ಆಯುಷ್ಯವಿಡೀ ಈ ಓಣಿ ಬಿಟ್ಟು ಕದಲುವುದಿಲ್ಲ. ಅದನ್ನು ಕಲಿಸಿದವಳು ತಾನೇ.

ಅತ್ತೆ ಮೂಲೆಯಲ್ಲಿ ಕೂತು ಬೇಳೆ ಆರಿಸುತ್ತಿದ್ದಳು. ತಲೆಯೆತ್ತದೆ ಕೇಳಿದಳು:

"ಅಲ್ಲವೇ, ನೀನು ಇಷ್ಟು ವರ್ಷ ಅಲ್ಲೆಲ್ಲ ಉಪವಾಸ ಇದ್ದು ಬಂದಿಯೇನು?"

"ಉಪವಾಸ ಯಾಕಿರಲಿ ಅತ್ತೆ?"

"ಊಟ ಹಾಕಿದವರ ಸುದ್ದಿಯೇ ಒಂದು ದಿನವೂ ನಿನ್ನ ಬಾಯಲ್ಲಿ ಬಂದಿಲ್ಲವಲ್ಲ, ಅದಕ್ಕೆ ಕೇಳಿದೆ."

ವ್ಯಾಪಾರಿ ನೆಲದ ಹಳೆಯ ಗೆರೆಗಳನ್ನು ಒರೆಸಿದಳು. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಮತ್ತೆ ಲೋಕವನ್ನು ಬರೆದಳು. ಮಣಿಗಳನ್ನು ಇಟ್ಟಳು. ಚಿಕ್ಕವಳು ಬಂದು ಕೂತಳು. ದೊಡ್ಡವಳು ಬಾಗಿಲಲ್ಲೇ ನಿಂತಳು.

"ಈ ಪೇಟೆಯಲ್ಲಿ ಬೀಗದವನು ದಾರಿ ತಪ್ಪಿಸಿದ. ಅದು ನಿಜ," ಎಂದಳು ತಾಯಿ.

"ಹಾಗಾದರೆ ಬಂದರಿಗೆ ಹೇಗೆ ಹೋದೆ?" ಎಂದಳು ಚಿಕ್ಕವಳು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

"ಬಟ್ಟೆ ಒಗೆಯುವ ಹೆಂಗಸೊಬ್ಬಳು ಗಂಟನ್ನು ನೆಲಕ್ಕಿಟ್ಟು, ನನ್ನ ಕೈ ಹಿಡಿದುಕೊಂಡು ಓಡಿದಳು. ಹಡಗಿನವರನ್ನು ಕೂಗಿ ನಿಲ್ಲಿಸಿದವಳೂ ಅವಳೇ."

"ಅವಳ ಹೆಸರೇನು?"

"ಗೊತ್ತಿಲ್ಲ."

"ಬೀಗದವನ ಹೆಸರು?"

ತಾಯಿ ಬೀಗದವನ ಹೆಸರು ಹೇಳಿದಳು. ಅವನ ಅಪ್ಪನ ಹೆಸರನ್ನೂ ಹೇಳಿದಳು. ಇಬ್ಬರು ಭಾವಮೈದುನರ ಹೆಸರೂ ಬಂತು. ಹೇಳಿ ಮುಗಿಸಿ ತಾನೇ ನಾಚಿಕೊಂಡಳು.

ಹೀಗೆ ಊರಿಂದ ಊರಿಗೆ ಹೋದಳು. ಮೋಸವನ್ನು ಮುಚ್ಚಿಡಲಿಲ್ಲ. ಆ ಮೋಸದ ಪಕ್ಕದಲ್ಲೇ ಇದ್ದದ್ದನ್ನು ಹುಡುಕಿ ಹುಡುಕಿ ಹೇಳಿದಳು. ಕಷ್ಟವಾಯಿತು. ಮೋಸ ಹೋದದ್ದು ಕೂಗಿ ಕರೆದಂತೆ ನೆನಪಿಗೆ ಬರುತ್ತದೆ, ಸಾವಂತ್ರಿ. ಉಪಕಾರವನ್ನು ಕೈಹಿಡಿದು ಎಬ್ಬಿಸಿ ಕರೆತರಬೇಕು. ದೊಡ್ಡವಳು ಕೇಳುತ್ತಿದ್ದಳು. ಆದರೆ ಬಾಗಿಲು ಬಿಟ್ಟು ಒಳಗೆ ಬರಲಿಲ್ಲ.

ತಾಯಿ ಗುಡ್ಡದೂರಿನ ಮಣಿಯ ಮೇಲೆ ಬೆರಳಿಟ್ಟಳು.

"ಹಾಲಿಗೆ ಹಿಟ್ಟು," ಎಂದಳು ಚಿಕ್ಕವಳು, ರೂಢಿಯಂತೆ.

"ಹೌದು. ನೀವಿಬ್ಬರೂ ಹುಟ್ಟುವ ಮೊದಲು ಅದೇ ಊರಿನಲ್ಲಿ ನನಗೆ ಜ್ವರ ಹಿಡಿಯಿತು. ರೊಟ್ಟಿ ಸುಟ್ಟು ಮಾರುವ ಒಬ್ಬಳು ನನ್ನನ್ನು ಮನೆಗೆ ಎತ್ತಿಕೊಂಡು ಹೋದಳು. ಒಲೆಯ ಪಕ್ಕದಲ್ಲಿ ಮಲಗಿಸಿ, ಎದ್ದು ಓಡಾಡುವ ತನಕ ನೋಡಿಕೊಂಡಳು. ಮಣಿ ಕೊಡಲು ಹೋದೆ. ತಗೊಳ್ಳಲಿಲ್ಲ. ಆ ಊರಿನಲ್ಲಿ ಒಂದು ಪದ್ಧತಿ. ಮನೆಯಲ್ಲಿ ಉಂಡ ಪರದೇಶದವರು ಹೊರಡುವ ಮೊದಲು ಆ ಮನೆಯ ಮಕ್ಕಳ ಎದುರು ಕೂತು ತಮ್ಮ ಊರಿನ ವಿಷಯ ಹೇಳಬೇಕು. ನೀರು ಎಲ್ಲಿಂದ ಬರುತ್ತದೆ, ದಾರಿ ಎತ್ತ ಹೋಗುತ್ತದೆ, ಎಂಥ ಜನ ಇದ್ದಾರೆ, ಎಲ್ಲವನ್ನೂ. ಅಲ್ಲಿಯ ಮಕ್ಕಳು ಲೋಕ ಕಲಿಯುವುದು ಹಾಗೆ. ಕೂಲಿಯೂ ಅದೇ, ಬಾಡಿಗೆಯೂ ಅದೇ."

"ನೀನು ಹೇಳಿದೆಯಾ?" ಬಾಗಿಲಲ್ಲಿದ್ದ ದೊಡ್ಡವಳು ಕೇಳಿದಳು.

"ಇಲ್ಲ. ಹೇಸರಗತ್ತೆಗಳ ತಂಡ ಹೊರಟಿತ್ತು. ತಪ್ಪಿದರೆ ಹಡಗು ತಪ್ಪುತ್ತಿತ್ತು. ಈಗ ಬಂದೆ ಎಂದು ಹೇಳಿ ಹೊರಟುಬಿಟ್ಟೆ. ಮತ್ತೆ ಆ ಕಡೆ ಹೋಗಲಿಲ್ಲ."

"ಮಕ್ಕಳು?"

"ಕಂಬಳಿ ಹಾಸಿಕೊಂಡು ಕೂತಿದ್ದರು."

ದೊಡ್ಡವಳು ಒಳಗೆ ಬಂದಳು. ನೆಲದ ಮೇಲಿನ ಲೋಕವನ್ನು ಸುತ್ತು ಹಾಕಿ, ಗುಡ್ಡದೂರಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಅಲ್ಲಿಂದ ತನ್ನ ಊರಿನ ಕಡೆ ನೋಡಿದಳು.

"ಅಮ್ಮ, ಅವರೂ ಹೀಗೇ ಒಪ್ಪಿಸುತ್ತಾರಲ್ಲ? ಒಂದೊಂದು ಊರಿಗೆ ಒಂದೊಂದು ಮಾತು?"

"ಒಪ್ಪಿಸುತ್ತಿರಬಹುದು."

"ನಮ್ಮೂರಿಗೆ ಏನು ಹೇಳುತ್ತಾರೆ?"

ಅಜ್ಜಿ ಉತ್ತರ ಕೊಟ್ಟಳು. "ಇನ್ನೇನು ಹೇಳುತ್ತಾರೆ? ಉಂಡು ಹೇಳದೆ ಎದ್ದು ಹೋಗುವವರ ಊರು ಅನ್ನುತ್ತಾರೆ."

ಹುಡುಗಿಯ ಮುಖ ಕೆಂಪೇರಿತು. "ಅದು ಸುಳ್ಳು. ನಮ್ಮೂರಿನಲ್ಲಿ ಎಷ್ಟು ಜನ ಇದ್ದಾರೆ! ಒಬ್ಬಳು ಮಾಡಿದ್ದಕ್ಕೆ ಎಲ್ಲರಿಗೂ ಆ ಹೆಸರೇ?"

"ಅದೇ ನಾನೂ ಕೇಳುತ್ತಿದ್ದೇನೆ," ಎಂದಳು ಅಜ್ಜಿ, ಸೊಸೆಯ ಕಡೆ ಕಣ್ಣು ಹಾಯಿಸಿ.

ಹುಡುಗಿ ಎದ್ದಳು. ಗಳುವಿನ ಮೇಲಿನ ಬಟ್ಟೆಗಳನ್ನು ಎಳೆದುಕೊಂಡಳು. ಗಂಟು ಕಟ್ಟುತ್ತ, "ಗುಡ್ಡದೂರಿಗೆ ಹೋಗುವುದಾದರೆ ಮಾತ್ರ ಬರುತ್ತೇನೆ" ಎಂದಳು.

ಗುಡ್ಡದೂರು ಹಡಗಿನ ದಾರಿಯಲ್ಲಿ ಇರಲಿಲ್ಲ. ಬಂದರಿನಲ್ಲಿ ಇಳಿದು, ವ್ಯಾಪಾರದ ದಿನಗಳನ್ನು ಬಿಟ್ಟುಕೊಟ್ಟು, ಹೇಸರಗತ್ತೆಯ ಬೆನ್ನೇರಿ ಹತ್ತಬೇಕು. ತಾಯಿ ಮಗಳು ಹತ್ತಿದರು. ದಾರಿಯಲ್ಲಿ ಹಾಲು ಕೊಂಡರು. ಹಿಟ್ಟು ಕದಡಿತ್ತು. ಮಗಳು ಒಂದು ಗುಟುಕು ಕುಡಿದು, "ಇದಂತೂ ನೀನು ಹೇಳಿದ ಹಾಗೇ ಇದೆ" ಎಂದಳು. ಇಬ್ಬರೂ ನಕ್ಕರು.

ರೊಟ್ಟಿಯವಳು ಇದ್ದಳು. ಮುದುಕಿಯಾಗಿದ್ದಳು. ವ್ಯಾಪಾರಿಯ ಗುರುತು ಹತ್ತಲಿಲ್ಲ. ವ್ಯಾಪಾರಿ ಜ್ವರದ ವಿಷಯ ಹೇಳಲು ಹೋದಳು, ಹೊರಟುಹೋದ ವಿಷಯ ಹೇಳಲು ಹೋದಳು. ಮುದುಕಿ ಕೈ ಬೀಸಿದಳು. "ಎಷ್ಟೋ ಜನ ಬರುತ್ತಾರೆ ತಾಯಿ, ಎಷ್ಟೋ ಜನಕ್ಕೆ ಜ್ವರ ಬರುತ್ತದೆ. ಮೊದಲು ಉಣ್ಣಿ."

ಉಂಡರು. ಕೈ ತೊಳೆಯುವಷ್ಟರಲ್ಲಿ ಮುದುಕಿಯ ಮೊಮ್ಮಕ್ಕಳು ಬಂದು ಕೂತಿದ್ದರು. ವ್ಯಾಪಾರಿ ಗಂಟಲು ಸರಿಮಾಡಿಕೊಂಡಳು. ಅವಳಿಗಿಂತ ಮೊದಲು ಮಗಳು ಹೋಗಿ ಮಕ್ಕಳ ಎದುರು ಕೂತಳು. ಒಲೆಯಿಂದ ಒಂದು ಇದ್ದಿಲು ತೆಗೆದುಕೊಂಡು ನೆಲದ ಮೇಲೆ ಕಡಲಿನ ಅಂಚು ಎಳೆದಳು. ಅವಳಿಗೆ ಆ ಊರಿನ ಮಾತು ಬರುತ್ತಿರಲಿಲ್ಲ. ಅವಳು ಹೇಳಿದ್ದನ್ನು ತಾಯಿ ಅವರ ಮಾತಿಗೆ ತಿರುಗಿಸಬೇಕಾಯಿತು, ಅವರು ಹೇಳಿದ್ದನ್ನು ಇವಳಿಗೆ.

"ಇಲ್ಲಿದೆ ನಮ್ಮೂರು," ಎಂದು ಚುಕ್ಕಿ ಇಟ್ಟು ಹೆಸರು ಹೇಳಿದಳು.

ಮಕ್ಕಳಲ್ಲಿ ಒಬ್ಬಳು ಥಟ್ಟನೆ ಎಂದಳು: "ಆ ಊರು ನಮಗೆ ಗೊತ್ತು. ಅಲ್ಲಿಯವರು ಉಂಡು ಹೇಳದೆ ಹೋಗುತ್ತಾರೆ. ನಮ್ಮಪ್ಪ ಹೇಳಿದ್ದಾನೆ. ಅವನು ಚಿಕ್ಕವನಿದ್ದಾಗ ಕಾದು ಕಾದು ಕಂಬಳಿಯ ಮೇಲೇ ನಿದ್ದೆ ಹೋಗಿದ್ದನಂತೆ."

ತಾಯಿ ಇದನ್ನು ಮಗಳಿಗೆ ತಿರುಗಿಸಿ ಹೇಳಿದಳು. ಒಂದು ಅಕ್ಷರ ಬಿಡಲಿಲ್ಲ.

"ಹೌದು, ನಮ್ಮೂರಿನಲ್ಲಿ ಅಂಥವಳು ಒಬ್ಬಳಿದ್ದಾಳೆ," ಎಂದಳು ಮಗಳು. "ಇಗೋ, ಇವಳೇ. ಈಗ ಉಳಿದವರ ವಿಷಯ ಕೇಳಿ."

ಆ ಮಾತನ್ನೂ ತಾಯಿಯೇ ತಿರುಗಿಸಬೇಕಿತ್ತು. ತಿರುಗಿಸಿದಳು. ಮಕ್ಕಳು ಬಾಯಿ ತೆರೆದು ಅವಳನ್ನು ನೋಡಿದರು, ಆಮೇಲೆ ಹೋ ಎಂದು ನಕ್ಕರು. ಮುದುಕಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಹತ್ತಿರ ಬಂದು ಕೂತಳು. ಅವಳ ಮಗನೂ ಬಂದ. ಮೀಸೆ ಬಂದ ಗಂಡಸು ಮಕ್ಕಳ ನಡುವೆ ಜಾಗ ಮಾಡಿಕೊಂಡು ಚಕ್ಕಳಮಕ್ಕಳ ಹಾಕಿ ಕೂತ.

ಹುಡುಗಿ ಬಾವಿ ತೋರಿಸಿದಳು. ಬಾವಿಯ ಹಗ್ಗ ಯಾರ ಮನೆಯಲ್ಲಿರುತ್ತದೆ ಎಂದು ಹೇಳಿದಳು. ಮಳೆ ಯಾವ ದಿಕ್ಕಿನಿಂದ ಬರುತ್ತದೆ, ಮೊದಲು ಯಾರ ಮಾಡಿಗೆ ಬೀಳುತ್ತದೆ ಎಂದು ಹೇಳಿದಳು. ಮೀನಿನ ಪೇಟೆಯಲ್ಲಿ ಹಳೆಯ ಮೀನಿನ ಕಿವಿರಿಗೆ ಬಣ್ಣ ಹಚ್ಚುವವಳನ್ನು ಬಿಡಲಿಲ್ಲ. ಅವಳೇ ಬಾಣಂತಿಯರ ಮನೆಗೆ ಒಳ್ಳೆಯ ಮೀನನ್ನು ಆರಿಸಿ ಕಳಿಸುತ್ತಾಳೆ ಎಂಬುದನ್ನೂ ಬಿಡಲಿಲ್ಲ. ಎಲ್ಲರನ್ನೂ ಹೆಸರು ಹಿಡಿದು ಹೇಳಿದಳು. ತಾಯಿ ಒಂದೊಂದನ್ನೂ ತಿರುಗಿಸುತ್ತ ಹೋದಳು. ತನ್ನ ಊರಿನಲ್ಲಿ ಇಷ್ಟೆಲ್ಲ ಇದೆ ಎಂದು ಅವಳಿಗೂ ಅಂದೇ ತಿಳಿದದ್ದು.

ಮುಗಿದಾಗ ಮುದುಕಿಯ ಮಗ ನೆಲದ ಮೇಲಿನ ಇದ್ದಿಲಿನ ಚುಕ್ಕಿಯನ್ನು ನೋಡಿ, "ಆಯಿತು. ಋಣ ತೀರಿತು" ಎಂದ.

ಗುರುತಾಯಿ ಮಾತು ನಿಲ್ಲಿಸಿದರು. ಬದಿಗಿಟ್ಟ ಗಂಟನ್ನು ಮತ್ತೆ ಎಳೆದುಕೊಂಡು ಅದರ ತುದಿ ಬಿಗಿದರು.

"ಹಾಗಾದರೆ ನಾನು ಪೇಪರ್ ಓದಿಸುವುದನ್ನು ಬಿಡಲೇ ತಾಯಿ?" ಎಂದಳು ಸಾವಂತ್ರಿ.

"ಬಿಡಬೇಡ. ಹಾಲಿಗೆ ಹಿಟ್ಟು ಕದಡುವವರು ಇದ್ದೇ ಇದ್ದಾರೆ."

"ಮತ್ತೆ ನಾನು ಕಲಿಸದೆ ಬಿಟ್ಟದ್ದೇನು?"

ಗುರುತಾಯಿ ಎದ್ದು ನಿಂತು ಕೇಳಿದರು:

"ನಿನ್ನ ಮಕ್ಕಳ ಮೇಲೆ ಯಾವ ದೇಶದ ಋಣ ಹೊರಿಸಿದ್ದೀ, ಸಾವಂತ್ರಿ?"